ಸೇಂಟ್ ಥಾಮಸ್ಸೋ, ಸೇಂಟ್ ಮಾರ್ಟನ್ನೋ? ಅಪ್ಪನ ಮಂಡಿಗೆ ಒಂದೇ ದಿನ

ಕ್ಯಾರಿಬಿಯನ್ ಕ್ರೂಸಿನ ಜಾಹೀರಾತಿನಲ್ಲಿ "ಇಡೀ ದಿನ ದ್ವೀಪದಲ್ಲಿ" ಅಂತ ಬರೆದಿರುತ್ತಾರಲ್ಲ, ಅದನ್ನು ಪೂರ್ತಿ ನಂಬಬೇಡಿ. ಬೆಳಿಗ್ಗೆ ಎಂಟಕ್ಕೆ ಹಡಗು ಬಂದರಿಗೆ ಬರುತ್ತದೆ. ಇಳಿಯುವ ಸಾಲು, ಗೇಟಿನ ಸಾಲು, ಟ್ಯಾಕ್ಸಿ ಸಾಲು ಎಲ್ಲ ಮುಗಿಯುವಾಗ ಒಂಬತ್ತೂವರೆ. ಐದಕ್ಕೆ ಹೊರಡುವ ಹಡಗಾದರೆ ನಾಲ್ಕೂವರೆಗೆಲ್ಲ ಒಳಗಿರಬೇಕು. ಸ್ವಲ್ಪ ಪುಕ್ಕಲು ಸ್ವಭಾವದವರು ಮೂರೂವರೆಗೇ ಗೇಟಿನ ಹತ್ತಿರ ಬಂದು ನಿಂತಿರುತ್ತಾರೆ. ಕೈಯಲ್ಲಿ ಉಳಿಯುವುದು ಆರು ಗಂಟೆ. ಅದರಲ್ಲಿ ಒಂದು ಊಟ, ಒಂದಷ್ಟು ಬಾತ್‌ರೂಮಿನ ಹುಡುಕಾಟ, "ಸ್ವಲ್ಪ ಕೂತ್ಕೊಳ್ಳೋಣ" ಅನ್ನುವ ವಿರಾಮಗಳು. ಹಿರಿಯರು ಜೊತೆಗಿದ್ದರೆ ನಿಜವಾಗಿ ಏನಾದರೂ ನೋಡಲು ಸಿಗುವುದು ಮೂರು ಗಂಟೆ ಇದ್ದೀತು.

ನಮ್ಮ ಹಡಗು ಸೇಂಟ್ ಥಾಮಸ್‌ನಲ್ಲಿ ಒಂದು ದಿನ, ಮರುದಿನ ಸೇಂಟ್ ಮಾರ್ಟನ್‌ನಲ್ಲಿ ನಿಲ್ಲುವುದಿತ್ತು. ಎರಡೂ ಕಡೆ ಇಳಿಯಲು ಯಾರ ಅಡ್ಡಿಯೂ ಇಲ್ಲ, ಅಪ್ಪನ ಮಂಡಿ ಬಿಟ್ಟು. ಡಾಕ್ಟರು ಆಪರೇಷನ್ ಅಂದಿದ್ದಾರೆ, ಅಪ್ಪ ಮುಂದಿನ ವರ್ಷ ಅಂದಿದ್ದಾರೆ. ಅಲ್ಲಿಯವರೆಗೆ ಲೆಕ್ಕ ಇಷ್ಟೇ: ಒಂದು ದಿನ ನಡೆದರೆ ಮರುದಿನ ಕಾಲು ಚಾಚಿ ಮಲಗಬೇಕು. ಹಾಗಾಗಿ ಎರಡರಲ್ಲಿ ಒಂದನ್ನು ಆರಿಸಲೇಬೇಕು, ಅದೂ ಮೊದಲನೇ ಊರು ಬರುವ ಮುಂಚೆ.

ನಾವು ಹತ್ತಿದ್ದು ನ್ಯೂಜೆರ್ಸಿಯ ಬೇಯೋನ್ ಬಂದರಿನಿಂದ. ನಾವಿರುವ ಜೆರ್ಸಿ ಸಿಟಿಗೆ ಅದು ಪಕ್ಕದ ಊರು. ಬೆಂಗಳೂರಿನಿಂದ ಅಷ್ಟು ದೂರ ಕೂತು ಬಂದವರನ್ನು ಮತ್ತೆ ವಿಮಾನ ಹತ್ತಿಸಿ ಫ್ಲಾರಿಡಾಕ್ಕೆ ಒಯ್ಯುವ ತಾಪತ್ರಯ ಬೇಡ ಅಂತಲೇ ಇದನ್ನು ಬುಕ್ ಮಾಡಿದ್ದು. ಚಳಿಗಾಲದಲ್ಲಿ ಜಾಕೆಟ್ ಹಾಕಿಕೊಂಡು ಹತ್ತುತ್ತೀರಿ, ಮೊದಲ ಕೆಲವು ದಿನ ಬರೀ ನೀರು, ಜಾಕೆಟ್ ಬ್ಯಾಗಿಗೆ ಸೇರುವ ಹೊತ್ತಿಗೆ ದ್ವೀಪಗಳು ಶುರು. ಅಪ್ಪ ಅಮ್ಮನನ್ನು ಹೀಗೆ ಕರೆದೊಯ್ಯುವವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅವರ ಅಮೆರಿಕ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಆಗುವಂಥದ್ದೇ ಅಂತ ನೋಡಿಕೊಳ್ಳಿ. ಬೇರೆ ದೇಶದ ದಡ ಮುಟ್ಟಿ ಬಂದರೆ ಅಮೆರಿಕದ ಲೆಕ್ಕದಲ್ಲಿ ಅದು ಹೊಸದಾಗಿ ಒಳಗೆ ಬಂದ ಹಾಗೆಯೇ.

ಹಡಗಿನಲ್ಲಿ ಇದೇ ಚರ್ಚೆ. ಊಟದ ಟೇಬಲ್ಲಿನಲ್ಲಿ, ಲಿಫ್ಟಿನಲ್ಲಿ, ಎಲ್ಲೆಲ್ಲೂ "ಎರಡರಲ್ಲಿ ಯಾವುದು ಚೆಂದ?" ಅಂತ. ನನಗೆ ಈ ಪ್ರಶ್ನೆಯಿಂದ ಏನೂ ಉಪಯೋಗ ಆಗಲಿಲ್ಲ. ಎರಡೂ ಚೆಂದ. ಅಲ್ಲಿ ಚೆಂದ ಇಲ್ಲದ ದ್ವೀಪ ಯಾವುದಿದೆ ಹೇಳಿ. ಹಡಗು ನಿಲ್ಲುವ ಜಾಗವಂತೂ ಎಲ್ಲ ಕಡೆ ಒಂದೇ ಥರ: ಅದೇ ವಾಚುಗಳು, ಅದೇ ವಜ್ರದ ಅಂಗಡಿ, ಅದೇ ರಮ್ಮು, ಊರಿನ ಹೆಸರು ಮಾತ್ರ ಬದಲಾದ ಅದೇ ಟೀ ಶರ್ಟು. ನಾನು ಬೇರೆ ಥರ ಕೇಳಿಕೊಂಡೆ. ಗೇಟು ದಾಟಿದ ಮೇಲೆ ಮೊದಲ ಒಂದು ಮೈಲಿ ಹೇಗಿದೆ? ಸಮನೆಲವೋ, ಏರೋ? ನೆರಳಲ್ಲಿ ಕೂರಲು ಬೆಂಚು ಇದೆಯೋ? ಸುಸ್ತಾದರೆ ಅಲ್ಲಿಂದ ಹಡಗಿಗೆ ವಾಪಸ್ ಬರುವುದು ಸುಲಭವೋ?

ಮನೆಯೊಳಗಿನ ಮತದಾನ ಹೀಗಿತ್ತು. ನನಗೆ ಸೇಂಟ್ ಥಾಮಸ್ ಬೇಕಿತ್ತು, ಹಳೇ ಊರಿಗೋಸ್ಕರ. ನನ್ನ ಗಂಡನಿಗೂ ಅದೇ, ಮೇಗನ್ಸ್ ಬೇ ಅನ್ನುವ ಬೀಚಿಗೋಸ್ಕರ. ಅಪ್ಪನಿಗೆ ಸೇಂಟ್ ಮಾರ್ಟನ್. ಅಲ್ಲಿ ವಿಮಾನಗಳು ತಲೆಯ ಮೇಲೇ ಇಳಿಯುವ ವಿಡಿಯೋವನ್ನು ಅವರು ಬೆಂಗಳೂರಿನಲ್ಲಿದ್ದಾಗಲೇ ಎಲ್ಲರಿಗೂ ಕಳಿಸಿ ಆಗಿತ್ತು. ಎಚ್‌ಎಎಲ್‌ನ ಎಂಜಿನ್ ವಿಭಾಗದಲ್ಲಿ ದುಡಿದು ರಿಟೈರ್ ಆದವರು, ಇನ್ನೇನು ಕೇಳುತ್ತಾರೆ. ಅಮ್ಮ ಮಾತ್ರ "ನಂಗೆಲ್ಲಾದ್ರೂ ಸರಿ ಕಣೇ, ಬಿಸಿಲು ಕಮ್ಮಿ ಇರೋ ಕಡೆ ಕರ್ಕೊಂಡು ಹೋಗು" ಅಂದಳು. ಅಂಥ ಊರು ಎರಡರಲ್ಲಿ ಯಾವುದೂ ಅಲ್ಲ.

ಮೊದಲು ಸೇಂಟ್ ಥಾಮಸ್ ಬಗ್ಗೆ ಹೇಳುತ್ತೇನೆ. ಅದು ಅಮೆರಿಕದ್ದೇ ನೆಲ. 1917ರವರೆಗೆ ಡೆನ್ಮಾರ್ಕಿನದಾಗಿತ್ತು. ಮೊದಲ ಮಹಾಯುದ್ಧದ ನಡುವೆ, ಜರ್ಮನರು ಎಲ್ಲಿ ಬಂದು ಕೂರುತ್ತಾರೋ ಅನ್ನುವ ಭಯದಲ್ಲಿ ಅಮೆರಿಕ ಇದನ್ನೂ ಪಕ್ಕದ ದ್ವೀಪಗಳನ್ನೂ 2.5 ಕೋಟಿ ಡಾಲರಿನ ಚಿನ್ನ ಕೊಟ್ಟು ಕೊಂಡುಕೊಂಡಿತು. ಊರಿನ ಹೆಸರು ಶಾರ್ಲಟ್ ಅಮಾಲಿ, ಡೆನ್ಮಾರ್ಕಿನ ಒಬ್ಬ ರಾಣಿಯ ಹೆಸರು. ಬೀದಿಗಳಿಗೆ ಇನ್ನೂ ಡೇನಿಷ್ ಹೆಸರುಗಳಿವೆ. ಗಾಡಿಗಳು ನಮ್ಮ ಹಾಗೆ ರಸ್ತೆಯ ಎಡಗಡೆ ಓಡುತ್ತವೆ, ಆದರೆ ಸ್ಟೀರಿಂಗ್ ಇರುವುದು ಅಮೆರಿಕದ ಹಾಗೆ ಗಾಡಿಯ ಎಡಕ್ಕೇ. ಓವರ್‌ಟೇಕ್ ಮಾಡುವಾಗ ಡ್ರೈವರಿಗೆ ಮುಂದೇನು ಕಾಣುತ್ತದೋ ದೇವರೇ ಬಲ್ಲ.

ಹಡಗುಗಳು ನಿಲ್ಲುವುದು ಹೇವನ್‌ಸೈಟ್ ಅಥವಾ ಕ್ರೌನ್ ಬೇ ಅನ್ನುವ ಕಟ್ಟೆಗಳಲ್ಲಿ. ಊರು ಎರಡಕ್ಕೂ ನಡುವೆ ಇದೆ. ನೀರಿನ ಪಕ್ಕದ ದಾರಿಯಲ್ಲಿ ನಡೆದರೆ ಅರ್ಧ ಗಂಟೆ, ನೆರಳು ಕಡಿಮೆ. ಟ್ಯಾಕ್ಸಿ ಅಂದರೆ ಪಿಕಪ್ ಟ್ರಕ್ಕಿನ ಹಿಂದೆ ಬೆಂಚು ಹಾಕಿ ಮೇಲೆ ಚಾವಣಿ ಕಟ್ಟಿದ ಸಫಾರಿ ಗಾಡಿ. ತಲೆಗೆ ಇಷ್ಟು ಅಂತ ಸರ್ಕಾರವೇ ಗೊತ್ತುಮಾಡಿದ ಬಾಡಿಗೆ. ಗಾಳಿ ಚೆನ್ನಾಗಿ ಬರುತ್ತದೆ, ಮಜಾ ಇರುತ್ತದೆ. ಆದರೆ ಹತ್ತುವ ಮೆಟ್ಟಿಲು ಎತ್ತರ. ಮಂಡಿ ನೋವಿನವರಿಗೆ ಆ ಒಂದು ಮೆಟ್ಟಿಲೇ ಅರ್ಧ ದಿನದ ಶಕ್ತಿ ತಿನ್ನುತ್ತದೆ.

ಊರು ಸೇರಿದ ಮೇಲೆ ನೋಡುವಂಥದ್ದೆಲ್ಲ ಗುಡ್ಡದ ಮೇಲೆ. ಡೇನರು ಗುಡ್ಡ ಅನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನೇರ ಗೆರೆ ಎಳೆದು ಬೀದಿ ಮಾಡಲು ಹೋದರು. ಗೆರೆ ಗುಡ್ಡ ಹತ್ತಿದ ಕಡೆ ಬೀದಿ ಮೆಟ್ಟಿಲಾಯಿತು. ಅವುಗಳಲ್ಲಿ ಹೆಸರುವಾಸಿಯಾದದ್ದು '99 ಮೆಟ್ಟಿಲು'. ಎಣಿಸಿದರೆ 103 ಇವೆ. ಹಾಯಿ ಹಡಗುಗಳು ತೂಕಕ್ಕೆ ಅಂತ ತುಂಬಿಕೊಂಡು ಬರುತ್ತಿದ್ದ ಇಟ್ಟಿಗೆಯಲ್ಲಿ ಕಟ್ಟಿದ್ದು. ಕೆಳಗೆ ಕೆಂಪು ಬಣ್ಣದ ಫೋರ್ಟ್ ಕ್ರಿಶ್ಚಿಯನ್ ಇದೆ, 1670ರ ದಶಕದ ಕೋಟೆ. ಅದೊಂದನ್ನು ಏರು ಹತ್ತದೆ ನೋಡಬಹುದು. ಮೇಗನ್ಸ್ ಬೇ ದ್ವೀಪದ ಆ ಕಡೆ. ಗುಡ್ಡ ದಾಟಿ ಗಾಡಿಯಲ್ಲೇ ಹೋಗಬೇಕು. ಸುಮಾರು ಒಂದು ಮೈಲಿ ಉದ್ದದ ಬೀಚು, ಶಾಂತವಾದ ನೀರು. ಆರ್ಥರ್ ಫೇರ್‌ಚೈಲ್ಡ್ ಅನ್ನುವವರು ಅದನ್ನು 1946ರಲ್ಲಿ ಜನರಿಗೆ ದಾನ ಮಾಡಿದರು. ಅದಕ್ಕೇ ಅಲ್ಲಿ ಇವತ್ತಿಗೂ ದೊಡ್ಡ ಹೋಟೆಲುಗಳು ಎದ್ದಿಲ್ಲ. ಎಲ್ಲ ಸರಿ, ಆದರೆ ಮರಳಿನಲ್ಲಿ ನಡೆಯುವುದು ಅಪ್ಪನಿಗೆ ಮೆಟ್ಟಿಲು ಹತ್ತುವುದಕ್ಕಿಂತ ಕಷ್ಟ.

ಈಗ ಸೇಂಟ್ ಮಾರ್ಟನ್. ಸುಮಾರು 87 ಚದರ ಕಿಲೋಮೀಟರಿನ ಪುಟ್ಟ ದ್ವೀಪ. ಉತ್ತರ ಭಾಗ ಫ್ರಾನ್ಸಿನದು, ದಕ್ಷಿಣ ಡಚ್ಚರದು. 1648ರ ಮಾರ್ಚ್ 23ರಂದು ಮಾಡಿಕೊಂಡ ಒಪ್ಪಂದ ಇವತ್ತಿಗೂ ನಡೆಯುತ್ತಿದೆ. ಒಬ್ಬ ಫ್ರೆಂಚನೂ ಒಬ್ಬ ಡಚ್ಚನೂ ಬೆನ್ನಿಗೆ ಬೆನ್ನು ಕೊಟ್ಟು ನಿಂತು ದಡದಗುಂಟ ನಡೆಯುತ್ತಾ ಹೋದರು, ಎದುರಾದ ಕಡೆ ಗಡಿ ಹಾಕಿದರು ಅನ್ನುವ ಕಥೆಯನ್ನು ಪ್ರತಿ ಟ್ಯಾಕ್ಸಿಯವರೂ ಹೇಳುತ್ತಾರೆ. ಗಡಿಯಲ್ಲಿ ಒಂದು ಕಲ್ಲಿದೆ, ಪಾಸ್‌ಪೋರ್ಟ್ ಕೇಳುವವರಿಲ್ಲ. ಕರೆಂಟು ಮಾತ್ರ ಬದಲಾಗುತ್ತದೆ: ಡಚ್ ಕಡೆ 110 ವೋಲ್ಟ್, ಫ್ರೆಂಚ್ ಕಡೆ 220.

ಈ ಗಡಿಯ ಬಗ್ಗೆ ನಗುನಗುತ್ತಾ ಹೇಳುವ ಕಥೆಯೇ ಎಲ್ಲ ಕಡೆ ಸಿಗುತ್ತದೆ. ನನಗೆ ಮನಸ್ಸಿಗೆ ಹತ್ತಿದ್ದು ಬೇರೆ ವಿಷಯ. ಫ್ರೆಂಚರು ಗುಲಾಮಗಿರಿಯನ್ನು 1848ರಲ್ಲಿ ರದ್ದು ಮಾಡಿದರು. ಡಚ್ಚರು ಕಾನೂನು ತಂದದ್ದು 1863ರಲ್ಲಿ. ಅಂದರೆ ಹದಿನೈದು ವರ್ಷ ಒಂದೇ ದ್ವೀಪದಲ್ಲಿ ಆ ಗಡಿಯ ಒಂದು ಕಡೆ ನಿಂತವರು ಸ್ವತಂತ್ರರು, ಇನ್ನೊಂದು ಕಡೆ ನಿಂತವರು ಕಾನೂನಿನ ಲೆಕ್ಕದಲ್ಲಿ ಯಾರದ್ದೋ ಆಸ್ತಿ. ಜನ ಸುಮ್ಮನೆ ಇರಲಿಲ್ಲ, ದಾಟಿ ಓಡಿದರು.

ಇನ್ನೊಂದು ಪಕ್ಕದ ಮಾತು. ನಮ್ಮ ಜೆರ್ಸಿ ಸಿಟಿಯಲ್ಲಿ ಬರ್ಗನ್ ಅನ್ನುವ ಹಳೇ ಭಾಗ ಇದೆಯಲ್ಲ, ಅದಕ್ಕೆ 1660ರಲ್ಲಿ ಅಪ್ಪಣೆ ಕೊಟ್ಟವನು ಡಚ್ ಗವರ್ನರ್ ಪೀಟರ್ ಸ್ಟೈವಸಂಟ್. ಮರದ ಕಾಲಿನವನು ಅಂತಲೇ ಅವನ ಖ್ಯಾತಿ. ಆ ಕಾಲು ಹೋದದ್ದು 1644ರಲ್ಲಿ, ಇದೇ ಸೇಂಟ್ ಮಾರ್ಟನ್ನನ್ನು ಸ್ಪೇನಿನವರಿಂದ ಕಿತ್ತುಕೊಳ್ಳಲು ಹೋಗಿ ತೋಪಿನ ಗುಂಡು ಬಿದ್ದು. ಅಪ್ಪನಿಗೆ ಇದನ್ನು ಹೇಳಿದೆ. "ಅವನ ಮುಂದೆ ನಂದೇನು ಬಿಡು, ಎರಡೂ ಇದ್ದಾವಲ್ಲ" ಅಂದರು.

ಡಚ್ ಕಡೆಯ ಊರು ಫಿಲಿಪ್ಸ್‌ಬರ್ಗ್. ಅದು ನಿಂತಿರುವ ಜಾಗ ನೋಡಿ: ಮುಂದೆ ಗ್ರೇಟ್ ಬೇ ಅನ್ನುವ ಸಮುದ್ರ, ಹಿಂದೆ ಉಪ್ಪು ನೀರಿನ ದೊಡ್ಡ ಕೆರೆ, ನಡುವೆ ಮರಳಿನ ಒಂದು ಪಟ್ಟಿ. ಊರು ಆ ಪಟ್ಟಿಯ ಮೇಲೆ. ಹಾಗಾಗಿ ಅಲ್ಲಿ ಏರು ಅನ್ನುವುದೇ ಇಲ್ಲ. ಮುಂದಿನ ಬೀದಿ, ಹಿಂದಿನ ಬೀದಿ, ನಡುವೆ ಸಂದಿಗಳು, ಸಮುದ್ರದ ಪಕ್ಕದಲ್ಲಿ ಉದ್ದಕ್ಕೂ ಕಾಲುದಾರಿ. ಹಡಗಿನ ಕಟ್ಟೆಯಿಂದ ಸಣ್ಣ ದೋಣಿ ಇದೆ, ವಾಟರ್ ಟ್ಯಾಕ್ಸಿ. ಕೆಲವೇ ನಿಮಿಷದಲ್ಲಿ ಕಾಲುದಾರಿಯ ಪಕ್ಕದಲ್ಲೇ ಇಳಿಸುತ್ತದೆ. ನನ್ನ ಒಂದು ಮೈಲಿಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಎಲ್ಲಿ ಸಿಗುತ್ತದೆ.

ಆದರೂ ನನಗೆ ಸೇಂಟ್ ಥಾಮಸ್ ಬಿಡಲು ಮನಸ್ಸಿರಲಿಲ್ಲ. ಸಮುದ್ರದ ನಡುವೆ ಇದ್ದ ಒಂದು ಸಂಜೆ ಎರಡೂ ಊರಿನ ಫೋಟೋಗಳನ್ನು ನೋಡುತ್ತಾ ಕೂತಿದ್ದಾಗ ವಿಷಯ ಹೊಳೆಯಿತು. ಶಾರ್ಲಟ್ ಅಮಾಲಿಯ ಒಳ್ಳೊಳ್ಳೆಯ ಫೋಟೋಗಳೆಲ್ಲ ನೀರಿನ ಕಡೆಯಿಂದ ತೆಗೆದವು. ಮೂರು ಕಡೆ ಗುಡ್ಡ, ಗುಡ್ಡದ ತುಂಬ ಕೆಂಪು ಚಾವಣಿಯ ಮನೆಗಳು, ನಡುವೆ ಬಂದರು. ಗುಡ್ಡದ ಮೇಲಿನ ಊರು ಹಡಗಿನಲ್ಲಿ ಕೂತವರಿಗೆ ಪೂರ್ತಿ ಕಾಣುತ್ತದೆ. ಫಿಲಿಪ್ಸ್‌ಬರ್ಗ್ ಹಾಗಲ್ಲ. ಹಡಗಿನಿಂದ ನೋಡಿದರೆ ಒಂದು ಸಾಲು ಕಟ್ಟಡ, ಅಷ್ಟೇ. ಅದನ್ನು ನಡೆದೇ ನೋಡಬೇಕು. ಅಲ್ಲಿಗೆ ತೀರ್ಮಾನ ಆಯಿತು. ಏರಿನ ಊರನ್ನು ಅಪ್ಪ ಅಮ್ಮ ಡೆಕ್ಕಿನಿಂದ ನೋಡಲಿ, ಸಮನೆಲದ ಊರಿಗೆ ಮಂಡಿಯನ್ನು ಉಳಿಸಿಕೊಳ್ಳಲಿ.

ಸೇಂಟ್ ಥಾಮಸ್‌ನ ದಿನ ಹಾಗೆಯೇ ನಡೆಯಿತು. ನನ್ನ ಗಂಡ ಬೀಚಿಗೆ ಹೋದರು. ನಾನು ಊರಿಗೆ ಹೋಗಿ ಒಂದೇ ಒಂದು ಜಾಗ ನೋಡಿ ಬಂದೆ, 1833ರ ಯಹೂದಿ ಮಂದಿರ. ನೆಲದ ಮೇಲೆ ಮರಳು ಹರಡಿದ್ದಾರೆ. ಸ್ಪೇನ್, ಪೋರ್ಚುಗಲ್ಲಿನಲ್ಲಿ ಗುಟ್ಟಾಗಿ ಪೂಜೆ ಮಾಡಬೇಕಾಗಿದ್ದ ಕಾಲದಲ್ಲಿ ಹೆಜ್ಜೆ ಸದ್ದು ಹೊರಗೆ ಕೇಳದಿರಲಿ ಅಂತ ಮರಳು ಹಾಕುತ್ತಿದ್ದರು, ಅದರ ನೆನಪಿಗೆ ಅನ್ನುತ್ತಾರೆ. ಚಿತ್ರಕಾರ ಕಮೀಯ್ ಪಿಸ್ಸಾರೋ ಇದೇ ಊರಿನಲ್ಲಿ 1830ರಲ್ಲಿ ಹುಟ್ಟಿದ್ದು. ಮಂದಿರಕ್ಕೆ ಹೋಗುವ ದಾರಿಯೂ ಏರೇ. ಅಪ್ಪನನ್ನು ಕರೆತರಲಿಲ್ಲವಲ್ಲ ಅಂತ ಸಮಾಧಾನ ಆಯಿತು.

ಕೆಳಗೆ ಮುಖ್ಯ ಬೀದಿಯಲ್ಲಿ ಬರೀ ಚಿನ್ನ, ವಜ್ರ. ಅದಕ್ಕೂ ಕಾರಣ ಇದೆ. ಅಮೆರಿಕದಲ್ಲಿ ವಾಸ ಇರುವವರು ಈ ದ್ವೀಪಗಳಿಂದ 1,600 ಡಾಲರಿನವರೆಗೆ ಸಾಮಾನು ಸುಂಕ ಇಲ್ಲದೆ ತರಬಹುದು. ಬೇರೆ ಹೆಚ್ಚಿನ ದೇಶಗಳಿಂದ ಬಂದರೆ 800 ಮಾತ್ರ. ಅಂಗಡಿಗಳ ಗಲ್ಲಾದಲ್ಲಿ ಸಿಂಧಿ ಮುಖಗಳು ಜಾಸ್ತಿ. ಸೇಂಟ್ ಮಾರ್ಟನ್‌ನಲ್ಲೂ ಅಷ್ಟೇ. ಈ ವ್ಯಾಪಾರದಲ್ಲಿ ಸಿಂಧಿಗಳು ದಶಕಗಳಿಂದ ಇದ್ದಾರೆ. "ಬೆಹನ್‌ಜೀ, ಸಿರ್ಫ್ ದೇಖ್ ಲೀಜಿಯೇ" ಅನ್ನುವ ಕೂಗು ಕೇಳಿದಾಗ ಒಂದು ಕ್ಷಣ ಕಮರ್ಷಿಯಲ್ ಸ್ಟ್ರೀಟಿನಲ್ಲಿದ್ದೇನೋ ಅನ್ನಿಸಿತು.

ಹಡಗಿಗೆ ವಾಪಸ್ ಬಂದರೆ ಅಪ್ಪ ಅಮ್ಮ ಮೇಲಿನ ಡೆಕ್ಕಿನಲ್ಲಿ ಮಹಾರಾಜರ ಹಾಗೆ ಕೂತಿದ್ದರು. ಎಲ್ಲರೂ ಇಳಿದುಹೋದ ಹಡಗಿನಲ್ಲಿ ಊಟಕ್ಕೆ ಸಾಲಿಲ್ಲ, ಕುರ್ಚಿಗೆ ಜಗಳ ಇಲ್ಲ. ಅಪ್ಪ ಒಂದೊಂದೇ ಚಾವಣಿ ನೋಡುತ್ತಾ, ಅಲ್ಲಿ ಮಳೆ ನೀರು ಹಿಡಿಯಲು ಮನೆಮನೆಗೆ ತೊಟ್ಟಿ ಇರಲೇಬೇಕು ಅನ್ನುವ ಕಾನೂನಿನ ಬಗ್ಗೆ ಪಕ್ಕದವರಿಂದ ಕೇಳಿ ತಿಳಿದುಕೊಂಡಿದ್ದರು. ಬೆಂಗಳೂರಿನಲ್ಲೂ 2009ರಿಂದ ಅಂಥ ಕಾನೂನಿದೆ, ಎಷ್ಟು ಮನೆಯಲ್ಲಿ ತೊಟ್ಟಿಗೆ ನೀರು ಬೀಳುತ್ತದೆ ಅನ್ನುವುದು ಬೇರೆ ಮಾತು, ಅಲ್ವಾ.

ಮರುದಿನ ಫಿಲಿಪ್ಸ್‌ಬರ್ಗ್‌ನಲ್ಲಿ ಎಲ್ಲರೂ ಇಳಿದೆವು. ಕಾಲುದಾರಿಯಲ್ಲಿ ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಅಂತ ನಡೆದೆವು. ಆಮೇಲೆ ಅಪ್ಪನ ವಿಡಿಯೋದ ವಿಮಾನಗಳು ಇಳಿಯುವ ಮಾಹೋ ಬೀಚಿಗೆ ಟ್ಯಾಕ್ಸಿ ಹಿಡಿದೆವು. ಗಾಡಿ ಆ ಉಪ್ಪಿನ ಕೆರೆಯ ಪಕ್ಕ ಸುತ್ತಿಕೊಂಡು ಹೋಗುವಾಗ, ಸರ್ಕಲ್ಲಿನಲ್ಲಿ ಉಪ್ಪು ಬಾಚುವವರ ಪ್ರತಿಮೆಗಳು ಕಂಡವು. ಅಲ್ಲಿಯವರೆಗೆ ಬಿಸಿಲಿನ ಬಗ್ಗೆಯೇ ಮಾತಾಡುತ್ತಿದ್ದ ಅಮ್ಮ ತಟ್ಟನೆ ಕಿಟಕಿಗೆ ಮುಖ ಒತ್ತಿದಳು. ಅಮ್ಮನ ತವರು ಕುಮಟಾ ಕಡೆ. ಗೋಕರ್ಣದ ಪಕ್ಕದ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೋಡುತ್ತಾ ಬೆಳೆದವಳು.

"ಇಲ್ಲಿ ಆಗರ ಇತ್ತಾ?" ಅಂದಳು.

ಇತ್ತು ಅಂದೆ. ಡಚ್ಚರು ಈ ದ್ವೀಪಕ್ಕೆ ಬಂದದ್ದೇ ಉಪ್ಪಿಗೆ. ಅವರ ಹೆರಿಂಗ್ ಮೀನನ್ನು ಉಪ್ಪು ಹಾಕಿ ಇಡಲು ಬೇರೆ ದಾರಿ ಇರಲಿಲ್ಲ. ಕೆರೆಯಲ್ಲಿ ನಿಂತು ಉಪ್ಪು ಒಡೆದು ಬುಟ್ಟಿಗೆ ತುಂಬಿದವರು ಗುಲಾಮರು. ಕಳೆದ ಶತಮಾನದ ನಡುವಿನ ಹೊತ್ತಿಗೆ ಆ ಕೆಲಸ ನಿಂತುಹೋಯಿತು. ಈಗ ಕೆರೆಯ ಒಂದಷ್ಟು ಭಾಗ ಮುಚ್ಚಿ ಅಲ್ಲಿ ಊರಿನ ಕಸ ಸುರಿಯುತ್ತಾರೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಕಾಲು ಪೂರಾ ಬಿರುಕು ಬಿಟ್ಟು ಹೋಗ್ತದೆ ಆ ನೀರಲ್ಲಿ ನಿಂತರೆ. ನಮ್ಮಲ್ಲಿ ಕೂಲಿಗಾದ್ರೂ ಬರ್ತಿದ್ರು" ಅಂದಳು. ಗ್ರೇಟ್ ಬೇಯ ನೀಲಿ ನೀರಿನ ಬಗ್ಗೆ ಆಕೆ ಮನೆಗೆ ಬಂದು ಯಾರಿಗೂ ಏನೂ ಹೇಳಿಲ್ಲ. ಈ ಕೆರೆಯ ಬಗ್ಗೆ ಫೋನಿನಲ್ಲಿ ಅಕ್ಕ ತಂಗಿಯರಿಗೆಲ್ಲ ಹೇಳಿದ್ದಾಳೆ.

ಮಾಹೋ ದೂರವೇನಲ್ಲ, ಹತ್ತು ಹನ್ನೆರಡು ಕಿಲೋಮೀಟರ್. ಆದರೆ ಸಿಂಪ್ಸನ್ ಬೇ ಹತ್ತಿರ ಹಾಯಿದೋಣಿಗಳಿಗೆ ದಾರಿ ಬಿಡಲು ಸೇತುವೆ ಎತ್ತುತ್ತಾರೆ. ಆಗ ಗಾಡಿಗಳು ಸಾಲುಗಟ್ಟುತ್ತವೆ. ವಾಪಸ್ ಬರುವಾಗ ಇದಕ್ಕೆ ಅಂತಲೇ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಬೀಚಿನ ತುದಿಗೇ ರನ್‌ವೇ, ನಡುವೆ ಒಂದು ರಸ್ತೆ, ಒಂದು ಬೇಲಿ. ದೊಡ್ಡ ಜೆಟ್ ಹೊರಡುವಾಗ ಹಿಂದಕ್ಕೆ ಬೀಸುವ ಗಾಳಿಗೆ ಮನುಷ್ಯರು ಹಾರಿಹೋಗುತ್ತಾರೆ. 2017ರಲ್ಲಿ ಬೇಲಿ ಹಿಡಿದು ನಿಂತಿದ್ದ ನ್ಯೂಜಿಲೆಂಡಿನ ಪ್ರವಾಸಿ ಒಬ್ಬರು ಸತ್ತೇ ಹೋದರು. ಎಚ್ಚರಿಕೆಯ ಫಲಕದ ಕೆಳಗೇ ನಿಂತು ಜನ ಸೆಲ್ಫಿ ತೆಗೆಯುತ್ತಿದ್ದರು. ನಾವು ದೂರದ ತುದಿಯಲ್ಲಿ, ನೆರಳಿನಲ್ಲಿ ಕೂತೆವು.

ವಿಡಿಯೋಗಳಲ್ಲಿ ಕಾಣುವ ಆ ಜಂಬೋ, ಕೆಎಲ್‌ಎಂನ 747, 2016ರಲ್ಲೇ ಬರುವುದು ನಿಂತಿದೆ. ಯೂರೋಪಿನ ದೊಡ್ಡ ವಿಮಾನಗಳು ಈಗಲೂ ಬರುತ್ತವೆ, ಮಧ್ಯಾಹ್ನದ ಮೇಲೆ, ಅಂದರೆ ಕ್ರೂಸಿನವರು ವಾಚು ನೋಡಿಕೊಳ್ಳಲು ಶುರು ಮಾಡುವ ಹೊತ್ತಿಗೆ. ಅಪ್ಪನಿಗೆ ನಿರಾಸೆ ಆಗುತ್ತದೇನೋ ಅಂತ ನನಗೆ ಅಳುಕಿತ್ತು. ಅವರು ಅಮೆರಿಕದ ಕಡೆಯಿಂದ ಬಂದ ಜೆಟ್‌ಗಳನ್ನು ನೋಡಿ ತಲೆಯಾಡಿಸಿದರು, ಅಷ್ಟೇ. ಆಮೇಲೆ ವಿನ್‌ಏರ್ ಅನ್ನುವ ಕಂಪನಿಯ ಪುಟ್ಟ ಟ್ವಿನ್ ಆಟರ್ ವಿಮಾನ ಒಂದು ಬಂತು, ಪಕ್ಕದ ಸಾಬಾ ದ್ವೀಪಕ್ಕೆ ಓಡಾಡುವಂಥದ್ದು. ಸುತ್ತ ಒಬ್ಬರೂ ಫೋನ್ ಎತ್ತಲಿಲ್ಲ. ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು.

"ಇದಕ್ಕೆ ಪಿಟಿ6 ಎಂಜಿನ್ನು. ನಮ್ಮ ಡಾರ್ನಿಯರ್‌ಗೆ ಗ್ಯಾರೆಟ್. ಕಾನ್ಪುರದಲ್ಲಿ ವಿಮಾನ ಕಟ್ತಿದ್ರು, ಎಂಜಿನ್ ನಾವು ಇಲ್ಲಿ ಮಾಡ್ತಿದ್ವಿ" ಅಂದರು. "ಇಲ್ಲಿ" ಅಂದರೆ ಬೆಂಗಳೂರು. ಆಮೇಲೆ ಸದ್ದು ಕೇಳಿಯೇ ಯಾವ ಎಂಜಿನ್ ಅಂತ ಹೇಳುವುದು ಹೇಗೆ ಅನ್ನುವ ಪಾಠ ಆಯಿತು. ಪಕ್ಕದ ಟೇಬಲ್ಲಿನಲ್ಲಿದ್ದ ಕೆನಡಾದ ಅಜ್ಜ ಒಬ್ಬರು ಬಂದು ಸೇರಿಕೊಂಡರು. ಟ್ವಿನ್ ಆಟರ್ ಕೆನಡಾದ್ದಲ್ಲವೇ, ಅವರಿಗೂ ಹೇಳಲು ಬಹಳ ಇತ್ತು. ಇಬ್ಬರ ಇಂಗ್ಲಿಷೂ ಇಬ್ಬರಿಗೂ ಅರ್ಧ ಅರ್ಧ ತಿಳಿದಿರಬೇಕು. ಕೈಯಲ್ಲೇ ಪ್ರೊಪೆಲ್ಲರ್ ತಿರುಗಿಸಿ ತೋರಿಸುತ್ತಿದ್ದರು.

ಊಟದ ಬಗ್ಗೆ ಸಸ್ಯಾಹಾರಿಗಳಿಗೆ ಒಂದು ಮಾತು. ಎರಡೂ ದ್ವೀಪಗಳಲ್ಲಿ ರೋಟಿ ಅಂಗಡಿ ಹುಡುಕಿ. 1845ರಿಂದ ಕೂಲಿಗಳಾಗಿ ಟ್ರಿನಿಡಾಡಿಗೆ ಬಂದ ಭಾರತೀಯರ ಅಡುಗೆ ಈಗ ಇಡೀ ಕ್ಯಾರಿಬಿಯನ್ನಿಗೆ ಹರಡಿದೆ. ಬೇಳೆ ಪುಡಿ ತುಂಬಿದ ದಾಲ್‌ಪುರಿ, ಒಳಗೆ ಕಡಲೆ, ಆಲೂಗಡ್ಡೆ ಪಲ್ಯ. ಅಮ್ಮ ಒಂದು ತುತ್ತು ತಿಂದು "ಬೆಲ್ಲ ಮರೆತ ಹೋಳಿಗೆ" ಅಂದಳು, ಪೂರ್ತಿ ತಿಂದಳು. ಮಾಂಸ ಹಾಕದ್ದು ಬೇಕು ಅಂತ ಎರಡು ಸಲ ಹೇಳಿ. ಮೀನು ಅವರ ಲೆಕ್ಕದಲ್ಲಿ ಮಾಂಸ ಅಲ್ಲದಿರಬಹುದು.

ಫ್ರೆಂಚ್ ಕಡೆಯ ಮಾರಿಗೋಗೆ ಹೋಗಲಿಲ್ಲ. ಹೋಗಬಹುದಿತ್ತು, ಓಡಬೇಕಾಗುತ್ತಿತ್ತು.

ಮೊನ್ನೆ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿ ಇದೇ ಎರಡು ಊರುಗಳ ಬಗ್ಗೆ ಕೇಳಿದಳು. ಅವಳ ಜೊತೆ ಇರುವುದು ಶಾಲೆಗೆ ಹೋಗುವ ಎರಡು ಮಕ್ಕಳು, ಮಂಡಿಗಳೆಲ್ಲ ಗಟ್ಟಿ. ಅವಳಿಗೆ ನಾನು ಸೇಂಟ್ ಥಾಮಸ್ ಅಂದೆ. ಇಳಿದ ಕೂಡಲೇ ರೆಡ್ ಹುಕ್‌ಗೆ ಹೋಗಿ ಫೆರಿ ಹಿಡಿದರೆ ಇಪ್ಪತ್ತು ನಿಮಿಷಕ್ಕೆ ಸೇಂಟ್ ಜಾನ್ ದ್ವೀಪ. ಅದರ ಬಹುಪಾಲು ರಾಷ್ಟ್ರೀಯ ಉದ್ಯಾನ. ಅಲ್ಲಿನ ಟ್ರಂಕ್ ಬೇಯಲ್ಲಿ ಮಕ್ಕಳು ನೀರಿನೊಳಗೆ ಮುಖ ಹಾಕಿ ಮೀನು ನೋಡಬಹುದು. ಸನ್‌ಸ್ಕ್ರೀನ್ ಮಾತ್ರ ನೋಡಿ ಕೊಂಡುಕೊಳ್ಳಬೇಕು. ಹವಳಕ್ಕೆ ಹಾನಿ ಅಂತ ಆಕ್ಸಿಬೆಂಜೋನ್ ಅನ್ನುವ ರಾಸಾಯನಿಕ ಇರುವಂಥವನ್ನು ಆ ದ್ವೀಪಗಳಲ್ಲಿ 2020ರಿಂದ ನಿಷೇಧಿಸಿದ್ದಾರೆ. ಮತ್ತೆ ಗಡಿಯಾರ. ಚಳಿಗಾಲದಲ್ಲಿ ಈ ದ್ವೀಪಗಳ ಸಮಯ ನ್ಯೂಜೆರ್ಸಿಗಿಂತ ಒಂದು ಗಂಟೆ ಮುಂದೆ. ಕೆಲವು ಹಡಗುಗಳು ತಮ್ಮ ಗಡಿಯಾರವನ್ನೂ ಮುಂದಕ್ಕೆ ತಿರುಗಿಸುತ್ತವೆ, ಕೆಲವು ತಿರುಗಿಸುವುದಿಲ್ಲ. ರೋಮಿಂಗ್ ಬಿಲ್ಲಿಗೆ ಹೆದರಿ ಏರ್‌ಪ್ಲೇನ್ ಮೋಡಿನಲ್ಲಿಟ್ಟ ಫೋನು ಹಳೇ ಸಮಯವನ್ನೇ ತೋರಿಸುತ್ತಾ ಕೂತಿರುತ್ತದೆ. ಇಳಿಯುವ ಮುಂಚೆ ಗ್ಯಾಂಗ್‌ವೇ ಹತ್ತಿರದ ಬೋರ್ಡಿನಲ್ಲಿ ಹಡಗಿನ ಸಮಯ ನೋಡಿ ವಾಚು ಸರಿಮಾಡಿಕೋ ಅಂದೆ. "ವಾಚು ಯಾರ ಹತ್ರ ಇದೆ ಅಕ್ಕಾ ಈಗ?" ಅಂದಳು. ಚಿಕ್ಕಪ್ಪನದು ಕೇಳಿ ಇಸ್ಕೋ ಅಂದೆ.